ಬೀದರ್–ಬೆಂಗಳೂರು ವಿಮಾನ ಸೇವೆ: ಸೀಟು ಚೆನ್ನಾಗಿದೆ, ಬದಲಿ ಪೈಲಟ್ ಎಲ್ಲಿ?

ಬೀದರ್‌ನಿಂದ ಬೆಂಗಳೂರಿಗೆ ಹಾರುವ ವಿಮಾನದ ಬಗ್ಗೆ ನಮ್ಮ ಊರಿನವರು ಬರೆಯುವಾಗ ಟಿಕೆಟ್ ದರ, ಸೀಟಿನ ಅಗಲ, ಉಳಿದ ಸಮಯ ಇವಿಷ್ಟನ್ನೇ ಹೇಳಿ ಮುಗಿಸುತ್ತಾರೆ. ಅವೆಲ್ಲ ನಿಜವೇ, ನಾನೂ ಹೇಳುತ್ತೇನೆ. ಆದರೆ ದಿನಕ್ಕೆ ಒಂದಕ್ಕಿಂತ ಹೆಚ್ಚು ಸಲ ವಿಮಾನ ಬಾರದ ಊರಿನಲ್ಲಿ ಸೇವೆಯ ಗುಣಮಟ್ಟವನ್ನು ಕೊನೆಗೆ ತೀರ್ಮಾನಿಸುವುದು ಕಾಕ್‌ಪಿಟ್‌ನಲ್ಲಿ ಕೂರುವ ಇಬ್ಬರು, ಮತ್ತು ಆ ಇಬ್ಬರಲ್ಲಿ ಒಬ್ಬರಿಗೆ ಜ್ವರ ಬಂದರೆ ಅವರ ಜಾಗಕ್ಕೆ ಬರಬಲ್ಲ ಮೂರನೆಯವರು. ಆ ಮೂರನೆಯವರ ವಿಷಯ ಯಾವ ವಿಮರ್ಶೆಯಲ್ಲೂ ಬರುವುದಿಲ್ಲವಾದ್ದರಿಂದ ಈ ಬರಹದ ಹೆಚ್ಚಿನ ಭಾಗ ಅವರಿಗೇ ಮೀಸಲು.

ಮೊದಲು ಸೇವೆಯ ಪರಿಚಯ. ಬೀದರ್‌ನ ನಾಗರಿಕ ಟರ್ಮಿನಲ್ 2020ರ ಫೆಬ್ರುವರಿ 7ರಂದು ಆರಂಭವಾಯಿತು. ರನ್‌ವೇ ವಾಯುಪಡೆಯದು, ಟರ್ಮಿನಲ್ ಮಾತ್ರ ನಮ್ಮದು. ಚಿಕ್ಕ ಊರುಗಳಿಗೆ ವಿಮಾನ ಸೇವೆ ಒದಗಿಸುವ ಕೇಂದ್ರದ ಉಡಾನ್ ಯೋಜನೆಯಡಿ ಮೊದಲು ಬಂದದ್ದು ಟ್ರೂಜೆಟ್ ಸಂಸ್ಥೆ. 2022ರಲ್ಲಿ ಆ ಸಂಸ್ಥೆಯ ಹಾರಾಟವೇ ನಿಂತುಹೋಯಿತು. ಅದೇ ವರ್ಷದ ಜೂನ್‌ನಲ್ಲಿ ಸ್ಟಾರ್ ಏರ್ ಬಂತು, ಸುಮಾರು ಒಂದೂವರೆ ವರ್ಷ ಹಾರಿ ಅದೂ ನಿಂತಿತು. ರಾಜ್ಯ ಸರ್ಕಾರ ಆರ್ಥಿಕ ನೆರವಿಗೆ ಒಪ್ಪಿದ ಮೇಲೆ 2025ರ ಏಪ್ರಿಲ್ 17ರಂದು ಅದೇ ಸಂಸ್ಥೆಯ ವಿಮಾನ ಮತ್ತೆ ಬೀದರ್‌ಗೆ ಇಳಿಯಿತು. ಹೀಗೆ ಬರುತ್ತಾ ಹೋಗುತ್ತಾ ಇರುವ ಸೇವೆಯನ್ನು ನೆಚ್ಚಿಕೊಂಡು ಮದುವೆಯ ಮುಹೂರ್ತವನ್ನಾಗಲಿ ಆಸ್ಪತ್ರೆಯ ದಿನವನ್ನಾಗಲಿ ಗೊತ್ತುಮಾಡಲು ಜನ ಹಿಂಜರಿಯುವುದರಲ್ಲಿ ಆಶ್ಚರ್ಯವೇನಿಲ್ಲ.

ನಾನು ಪ್ರಯಾಣಿಸಿದ್ದು 2025ರ ಕೊನೆಯ ತಿಂಗಳುಗಳಲ್ಲಿ. ಚಿಕ್ಕ ಟರ್ಮಿನಲ್ ಆದ್ದರಿಂದ ಒಳಗೆ ಹೋಗುವುದಕ್ಕೂ ತಪಾಸಣೆ ಮುಗಿಯುವುದಕ್ಕೂ ಹೆಚ್ಚು ಹೊತ್ತು ಹಿಡಿಯುವುದಿಲ್ಲ. ವಾಯುನೆಲೆಯಾದ್ದರಿಂದ ಫೋಟೊ ತೆಗೆಯುವಂತಿಲ್ಲ. ಮೊದಲ ಸಲ ಹಾರುವ ಹುಡುಗರಿಗೆ ಇದು ದೊಡ್ಡ ನಿರಾಸೆ. ಎಂಬ್ರೇಯರ್ 175 ವಿಮಾನದಲ್ಲಿ ಎಡಕ್ಕೆ ಎರಡು, ಬಲಕ್ಕೆ ಎರಡು ಸೀಟು, ನಡುವೆ ಸಿಕ್ಕಿಹಾಕಿಕೊಳ್ಳುವ ಸೀಟಿಲ್ಲ. ಒಟ್ಟು 76 ಜನರ ವಿಮಾನ, ಕಾಲು ಚಾಚಲು ಜಾಗವಿದೆ, ಸದ್ದು ಕಡಿಮೆ. ರೈಲಿನಲ್ಲಿ ಇಡೀ ರಾತ್ರಿ ಕಳೆಯಬೇಕಾದ ದಾರಿ ಒಂದು ಗಂಟೆ ಚಿಲ್ಲರೆಯಲ್ಲಿ ಮುಗಿಯುತ್ತದೆ. ಸಿಬ್ಬಂದಿಯ ನಡವಳಿಕೆಯಲ್ಲಿ ಕುಂದು ಹೇಳುವಂಥದ್ದೇನೂ ಇರಲಿಲ್ಲ. ಇಷ್ಟಕ್ಕೆ ಐದರಲ್ಲಿ ನಾಲ್ಕೂವರೆ ಕೊಡಲು ನನಗೆ ಯಾವ ಅಡ್ಡಿಯೂ ಇಲ್ಲ.

ಬೆಂಗಳೂರಿನಿಂದ ಬಂದ ವಿಮಾನವೇ ಮತ್ತೆ ಬೆಂಗಳೂರಿಗೆ ಹೊರಡುತ್ತದೆ, ಅದನ್ನು ತಂದವರೇ ಒಯ್ಯುತ್ತಾರೆ. ಪ್ರಯಾಣಿಕರು ಇಳಿದು ಇನ್ನೂ ಸಾಮಾನಿಗಾಗಿ ಕಾಯುತ್ತಿರುವಾಗಲೇ ಹಳದಿ ಜಾಕೆಟ್ ತೊಟ್ಟ ಯುವ ಕೋ-ಪೈಲಟ್ ಕೆಳಗಿಳಿದು ಬಂದರು. ಚಕ್ರಗಳ ಬಳಿ ಬಗ್ಗಿ ಟೈರಿನ ಮೇಲೆ ಕಣ್ಣಾಡಿಸಿದರು, ಎಂಜಿನ್ನಿನ ಬಾಯಿಗೆ ಇಣುಕಿದರು, ರೆಕ್ಕೆಯ ಅಂಚನ್ನು ನೋಡುತ್ತ ನಿಧಾನವಾಗಿ ಒಂದು ಸುತ್ತು ಬಂದು ಮೆಟ್ಟಿಲು ಹತ್ತಿದರು. ಇದು ಪ್ರತಿ ಹಾರಾಟಕ್ಕೂ ಮುನ್ನ ಮಾಡಲೇಬೇಕಾದ ತಪಾಸಣೆ. ಆ ಹೊತ್ತಿಗೆ ಅವರ ಕರ್ತವ್ಯದ ಸಮಯ ಮೀರಿದ್ದರೆ, ಅಥವಾ ಅವರ ಆರೋಗ್ಯ ಕೆಟ್ಟಿದ್ದರೆ, ಬೀದರ್‌ನಲ್ಲಿ ಕರೆಯಲು ಬೇರೆ ಯಾರೂ ಇಲ್ಲ. ವಿಚಿತ್ರವೆಂದರೆ ಇದು ಪೈಲಟ್‌ಗಳಿಗೆ ಬರವಿರುವ ಊರಲ್ಲ. ವಾಯುಪಡೆಯ ಯುದ್ಧವಿಮಾನ ಚಾಲಕರು ಹಾಕ್ ವಿಮಾನಗಳಲ್ಲಿ ಕಲಿಯುವುದು ಇಲ್ಲೇ, ಒಂಬತ್ತು ವಿಮಾನಗಳ ಸೂರ್ಯಕಿರಣ ತಂಡದ ನೆಲೆಯೂ ಇದೇ. ಆದರೆ ಅವರಲ್ಲಿ ಒಬ್ಬರೂ ಈ ಎಂಬ್ರೇಯರ್‌ನ ಕಾಕ್‌ಪಿಟ್‌ನಲ್ಲಿ ಕೂರುವಂತಿಲ್ಲ.

ಅದಕ್ಕೆ ಕಾರಣ ಟೈಪ್ ರೇಟಿಂಗ್. ಪೈಲಟ್‌ನ ಲೈಸೆನ್ಸ್‌ನಲ್ಲಿ ಯಾವ ಮಾದರಿಯ ವಿಮಾನಕ್ಕೆ ಅನುಮತಿ ನಮೂದಾಗಿದೆಯೋ ಅದನ್ನು ಮಾತ್ರ ಅವರು ಹಾರಿಸಬಹುದು. ಏರ್‌ಬಸ್ 320ರ ಕ್ಯಾಪ್ಟನ್ ಎಷ್ಟೇ ಅನುಭವಿಯಾದರೂ ಬೇರೆ ತರಬೇತಿ, ಪರೀಕ್ಷೆ ಮುಗಿಸದೆ ಎಂಬ್ರೇಯರ್ ಮುಟ್ಟುವಂತಿಲ್ಲ. ಪ್ರೊಪೆಲರ್‌ನ ಎಟಿಆರ್ ವಿಮಾನ ಹಾರಿಸುವವರಿಗೂ ಅದೇ ನಿಯಮ. ನೂರಾರು ಏರ್‌ಬಸ್‌ಗಳಿರುವ ಸಂಸ್ಥೆಗೆ ಒಬ್ಬ ಕ್ಯಾಪ್ಟನ್ ಕೈಕೊಟ್ಟರೆ ಸ್ಟ್ಯಾಂಡ್‌ಬೈ, ಅಂದರೆ ಕರೆದರೆ ಹೊರಡಲು ಸಿದ್ಧವಾಗಿ, ಇರುವ ಇನ್ನೊಬ್ಬರನ್ನು ಕಳಿಸುವುದು ದಿನನಿತ್ಯದ ಕೆಲಸ. ಕೆಲವೇ ವಿಮಾನಗಳನ್ನು ಇಟ್ಟುಕೊಂಡು ಬೀದರ್‌ನಂಥ ಊರುಗಳಿಗೆ ಹಾರುವ ಯಾವುದೇ ಚಿಕ್ಕ ಸಂಸ್ಥೆಗೆ ಪ್ರತಿ ಸ್ಟ್ಯಾಂಡ್‌ಬೈ ಪೈಲಟ್ ದುಬಾರಿ: ಹಾರದಿದ್ದರೂ ಸಂಬಳ ಕೊಡಬೇಕು, ತರಬೇತಿ ಕೊಡಿಸಬೇಕು, ಸಿಮ್ಯುಲೇಟರ್ (ನೆಲದ ಮೇಲಿನ ಕೃತಕ ಕಾಕ್‌ಪಿಟ್) ಪರೀಕ್ಷೆಗೆ ಕಳಿಸುತ್ತಿರಬೇಕು. ಹೀಗಾಗಿ ಜಗತ್ತಿನಾದ್ಯಂತ ಆಡಳಿತ ಮಂಡಳಿಗಳಿಗೆ ಒಂದೇ ಆಸೆ ಹುಟ್ಟುತ್ತದೆ: ಹೊಸಬರನ್ನು ನೇಮಿಸುವುದಕ್ಕಿಂತ ಇರುವವರಿಗೇ ಹೆಚ್ಚುವರಿ ಗಂಟೆಗಳ ಹಣ ಕೊಟ್ಟು ಕೆಲಸ ಸಾಗಿಸಿದರಾಯಿತು.

ಈ ವಿಷಯದಲ್ಲಿ ಪೈಲಟ್‌ಗಳೇ ಏನೆನ್ನುತ್ತಾರೆ? ನಮ್ಮ ದೇಶದ ಸಂಬಳದ ಕ್ರಮವನ್ನು ಮೊದಲು ತಿಳಿಯಬೇಕು. ತಿಂಗಳಿಗೆ ಇಂತಿಷ್ಟು ಹಾರಾಟದ ಗಂಟೆಗಳಿಗೆ ಖಾತರಿ ಸಂಬಳ, ಅದರ ಮೇಲೆ ಹಾರಿದ ಪ್ರತಿ ಗಂಟೆಗೆ ಬೇರೆ ಹಣ, ಇದು ಸಾಮಾನ್ಯ ಪದ್ಧತಿ. ಆದ್ದರಿಂದ ಖಾತರಿಯ ಗಂಟೆ ಎಷ್ಟು ಎಂಬುದರ ಮೇಲೆ ಇಡೀ ಜಗಳ ನಿಂತಿದೆ. ಏರ್ ಇಂಡಿಯಾದ ಜೊತೆ ವಿಲೀನವಾಗುವ ಮುನ್ನ ವಿಸ್ತಾರ ಸಂಸ್ಥೆ ತನ್ನ ಪೈಲಟ್‌ಗಳ ಖಾತರಿಯನ್ನು 70 ಗಂಟೆಗಳಿಂದ 40 ಗಂಟೆಗಳಿಗೆ ಇಳಿಸಿದಾಗ ಹೆಚ್ಚು ಪೆಟ್ಟು ಬಿದ್ದದ್ದು ಕೋ-ಪೈಲಟ್‌ಗಳಿಗೆ. 2024ರ ಏಪ್ರಿಲ್ ಮೊದಲ ವಾರದಲ್ಲಿ ನೂರಕ್ಕೂ ಹೆಚ್ಚು ಹಾರಾಟಗಳು ರದ್ದಾದವು, ಬಳಿಕ ಸಂಸ್ಥೆ ದಿನಕ್ಕೆ 25ರಿಂದ 30 ಹಾರಾಟಗಳನ್ನು ತಾನೇ ಕಡಿತಗೊಳಿಸಿತು. ರೋಸ್ಟರ್ (ಯಾರು ಯಾವಾಗ ಹಾರಬೇಕೆಂಬ ಪಟ್ಟಿ) ಅತಿಯಾಗಿ ಬಿಗಿಯಾಗಿತ್ತೆಂದು ಆಡಳಿತವೇ ಒಪ್ಪಿಕೊಂಡಿತು. ಸಂಬಳದ ಸಿಟ್ಟು ಮತ್ತು ಜನರ ಕೊರತೆ ಒಂದೇ ವಾರದಲ್ಲಿ ಕೂಡಿಬಂದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ನನಗೆ ಗೊತ್ತಿಲ್ಲ.

ನಮ್ಮ ಸಂಬಂಧಿಕರ ಹುಡುಗನೊಬ್ಬ ಬೇರೊಂದು ಸಂಸ್ಥೆಯಲ್ಲಿ ಕೋ-ಪೈಲಟ್. ಹುಮನಾಬಾದ್ ಕಡೆಯವನು, ಲೈಸೆನ್ಸ್‌ಗೆ ಮಾಡಿದ ಸಾಲ ಇನ್ನೂ ತೀರಿಲ್ಲ. ಓವರ್‌ಟೈಮ್ ಬಗ್ಗೆ ಕೇಳಿದಾಗ ಅವನು ಹೇಳಿದ್ದನ್ನು ಅವನ ಮಾತಿನಲ್ಲೇ ಬರೆಯುತ್ತೇನೆ: “ಕಾಕಾ, ಯಾವಾಗಾರ ಒಮ್ಮೆ ರಜಾ ದಿನ ಬಾ ಅಂದ್ರ ಖುಷೀಲೆ ಹೋಗ್ತೀನಿ, ರೊಕ್ಕಾನೂ ಬರ್ತದ. ಆದ್ರ ವಾರ ವಾರ ಫೋನ್ ಬರ್ಲಿಕ್ಕತ್ತಂದ್ರ ಅಲ್ಲಿ ಮಂದಿ ಕಮ್ಮಿ ಅದಾರ ಅಂತ ತಿಳ್ಕೋಬೇಕು ನೋಡ್ರಿ.” ಅವನ ಜೊತೆಯ ಹಿರಿಯ ಕ್ಯಾಪ್ಟನ್‌ಗಳು ರಜಾ ದಿನ ಫೋನ್ ಎತ್ತುವುದನ್ನೇ ಬಿಟ್ಟಿದ್ದಾರಂತೆ. ಸಾಲವಿರುವ ಕಿರಿಯರಿಗೆ ಗಂಟೆ ಬೇಕು, ಸಾಲ ತೀರಿಸಿದ ಹಿರಿಯರಿಗೆ ಮನೆ ಬೇಕು. ಆಡಳಿತಕ್ಕೆ ತುರ್ತಾಗಿ ಬೇಕಾಗುವುದು ಮಾತ್ರ ಹಿರಿಯರೇ, ಯಾಕೆಂದರೆ ಕ್ಯಾಪ್ಟನ್ ಇಲ್ಲದೆ ವಿಮಾನ ಕದಲುವುದಿಲ್ಲ.

ಹಾರಲು ಪೈಲಟ್‌ಗಳೇ ಇಲ್ಲ ಎಂಬ ಮಾತೂ, ಲೈಸೆನ್ಸ್ ಪಡೆದ ಹುಡುಗರು ಕೆಲಸವಿಲ್ಲದೆ ಮನೆಯಲ್ಲಿದ್ದಾರೆ ಎಂಬ ಮಾತೂ ಒಟ್ಟಿಗೇ ಕೇಳಿಬರುವುದು ಇದೇ ಕಾರಣಕ್ಕೆ. ಕಲಬುರಗಿಯ ವಿಮಾನ ನಿಲ್ದಾಣದಲ್ಲಿ ಹಾರಾಟ ತರಬೇತಿ ಶಾಲೆಗಳಿವೆ. 3,175 ಮೀಟರ್ ಉದ್ದದ ಆ ರನ್‌ವೇಯಲ್ಲಿ ಪುಟ್ಟ ವಿಮಾನಗಳು ಏರುತ್ತಾ ಇಳಿಯುತ್ತಾ ಇರುವುದನ್ನು ಶ್ರೀನಿವಾಸ ಸರಡಗಿ ಗ್ರಾಮದ ರೈತರು ಹೊಲದಲ್ಲೇ ನಿಂತು ನೋಡುತ್ತಾರೆ. ಕಮರ್ಷಿಯಲ್ ಪೈಲಟ್ ಲೈಸೆನ್ಸ್‌ಗೆ 200 ಗಂಟೆಗಳ ಹಾರಾಟ ಬೇಕು, ಅರ್ಧ ಕೋಟಿಗೂ ಹೆಚ್ಚು ಖರ್ಚು ಬೀಳುತ್ತದೆ, ಟೈಪ್ ರೇಟಿಂಗ್‌ನ ಹಣ ಬೇರೆ. ಕ್ಯಾಪ್ಟನ್ ಆಗಲು ಬೇಕಾದ ಏರ್‌ಲೈನ್ ಟ್ರಾನ್ಸ್‌ಪೋರ್ಟ್ ಲೈಸೆನ್ಸ್‌ಗೆ 1,500 ಗಂಟೆ ಆಗಬೇಕು, ಅದರ ಮೇಲೆ ಕಮಾಂಡ್ ತರಬೇತಿ. ಕೆಳಗಿನ ಮೆಟ್ಟಿಲಲ್ಲಿ ನೂಕುನುಗ್ಗಲು, ಮೇಲಿನ ಮೆಟ್ಟಿಲಲ್ಲಿ ಬರ. ಮಗನನ್ನು ಪೈಲಟ್ ಮಾಡಲು ಹೊಲ ಅಡವಿಡಲು ಹೊರಟ ತಂದೆತಾಯಿಗಳು ನೇಮಕಾತಿಯ ಜಾಹೀರಾತು ನೋಡುವಾಗ ಕರೆದಿರುವುದು ಯಾವ ಮೆಟ್ಟಿಲಿನವರನ್ನು ಎಂದು ಮೊದಲು ನೋಡಬೇಕು.

2025ರ ಡಿಸೆಂಬರ್‌ನಲ್ಲಿ ದೇಶ ಕಂಡ ಗೊಂದಲ ಈ ಮೇಲಿನ ಮೆಟ್ಟಿಲಿನದೇ. ಪೈಲಟ್‌ಗಳ ದಣಿವನ್ನು ತಡೆಯಲು ವಿಮಾನಯಾನದ ನಿಯಂತ್ರಣ ಸಂಸ್ಥೆಯಾದ ಡಿಜಿಸಿಎ 2024ರ ಜನವರಿಯಲ್ಲೇ ಹೊಸ ನಿಯಮ ಪ್ರಕಟಿಸಿತ್ತು. ವಾರದ ವಿಶ್ರಾಂತಿ 36 ಗಂಟೆಗಳಿಂದ 48 ಗಂಟೆಗಳಿಗೆ ಏರಿತು, ರಾತ್ರಿ ವೇಳೆಯ ಲ್ಯಾಂಡಿಂಗ್‌ಗಳ ಮಿತಿ ಆರರಿಂದ ಎರಡಕ್ಕೆ ಇಳಿಯಿತು. ವಿಮಾನ ಸಂಸ್ಥೆಗಳ ಆಕ್ಷೇಪದಿಂದ ಜಾರಿ ಮುಂದಕ್ಕೆ ಹೋಗಿ, ಕೊನೆಗೆ ಒಂದು ಭಾಗ 2025ರ ಜುಲೈ 1ರಿಂದ, ಉಳಿದದ್ದು ನವೆಂಬರ್ 1ರಿಂದ ಬಂತು. ಡಿಸೆಂಬರ್ 5ರ ಒಂದೇ ದಿನ ಇಂಡಿಗೋ ಸಾವಿರಕ್ಕೂ ಹೆಚ್ಚು ಹಾರಾಟಗಳನ್ನು ರದ್ದು ಮಾಡಿತು. ಆಗ ಹೊರಬಂದ ಅಂಕಿಗಳ ಪ್ರಕಾರ ಹೊಸ ನಿಯಮಕ್ಕೆ ಆ ಸಂಸ್ಥೆಗೆ ಬೇಕಿದ್ದ ಕ್ಯಾಪ್ಟನ್‌ಗಳು 2,422, ಇದ್ದವರು 2,357. ಕೊರತೆ ನೂರಕ್ಕೆ ಮೂರೂ ಇಲ್ಲ! ಆದರೆ ಎಳ್ಳಷ್ಟೂ ಸಡಿಲವಿಲ್ಲದಂತೆ ಹೆಣೆದ ವೇಳಾಪಟ್ಟಿಯಲ್ಲಿ ಅಷ್ಟು ಸಾಕಾಯಿತು. ಫೆಡರೇಷನ್ ಆಫ್ ಇಂಡಿಯನ್ ಪೈಲಟ್ಸ್‌ನಂಥ ಸಂಘಟನೆಗಳು ನೇರವಾಗಿಯೇ ಹೇಳಿದವು: ಸಿದ್ಧತೆಗೆ ಸುಮಾರು ಎರಡು ವರ್ಷ ಸಿಕ್ಕಿತ್ತು, ನೇಮಕಾತಿ ತಡೆಹಿಡಿದದ್ದೇ ಕಾರಣ, ನಿಯಮವಲ್ಲ. ಸರ್ಕಾರ ಇಂಡಿಗೋಗೆ 2026ರ ಫೆಬ್ರುವರಿ 10ರವರೆಗೆ ವಿನಾಯಿತಿ ಕೊಟ್ಟಾಗ ಅದೇ ಸಂಘಟನೆಗಳು ಸಿಟ್ಟಾದವು. ಅವರ ಸಿಟ್ಟು ನನಗೆ ನ್ಯಾಯವೆನಿಸುತ್ತದೆ. ಜನರನ್ನು ನೇಮಿಸದವರಿಗೆ ರಿಯಾಯಿತಿ ಸಿಕ್ಕರೆ ನೇಮಿಸಿದವರು ಮೂರ್ಖರಾಗುತ್ತಾರೆ.

ಹೆಚ್ಚು ಹಣ ಕೊಟ್ಟು ರಜೆಯಲ್ಲಿರುವ ಪೈಲಟ್‌ಗಳನ್ನು ಕರೆಸುವ ಕಲೆ ಅಮೆರಿಕದವರಿಗೆ ಚೆನ್ನಾಗಿ ಗೊತ್ತು. ಡೆಲ್ಟಾ ಸಂಸ್ಥೆಯಲ್ಲಿ ರಜಾ ದಿನ ಬಂದು ಹಾರುವ ಪೈಲಟ್‌ಗೆ ದುಪ್ಪಟ್ಟು ದರ ಕೊಡುವ ಪದ್ಧತಿಯಿದೆ, ಪೈಲಟ್‌ಗಳು ಅದನ್ನು ಗ್ರೀನ್ ಸ್ಲಿಪ್ ಎನ್ನುತ್ತಾರೆ. 2022ರ ಜುಲೈನಲ್ಲಿ ಅಮೆರಿಕನ್ ಏರ್‌ಲೈನ್ಸ್‌ನ ಕಂಪ್ಯೂಟರ್ ವ್ಯವಸ್ಥೆಯ ದೋಷದಿಂದ ಪೈಲಟ್‌ಗಳು ತಮ್ಮ ಪಾಲಿನ ಹಾರಾಟಗಳನ್ನು ಕೈಬಿಡಲು ಸಾಧ್ಯವಾಗಿ, ಸಾವಿರಾರು ಹಾರಾಟಗಳು ಪೈಲಟ್ ಇಲ್ಲದೆ ಉಳಿದಾಗ, ಆ ಹಾರಾಟಗಳಿಗೆ ದುಪ್ಪಟ್ಟು ಸಂಬಳ ಕೊಡಲು ಸಂಸ್ಥೆ ಒಪ್ಪಬೇಕಾಯಿತು. ಅಲ್ಲಿಯ ಪೈಲಟ್‌ಗಳಲ್ಲೂ ಎರಡು ಮಾತಿವೆ. ದುಪ್ಪಟ್ಟು ದರ ದುಬಾರಿಯಾಗಿದ್ದರೆ ಮಾತ್ರ ಆಡಳಿತ ಹೊಸಬರನ್ನು ನೇಮಿಸುತ್ತದೆ, ಆದ್ದರಿಂದ ಅದೊಂದು ದಂಡ ಎನ್ನುವವರು ಕೆಲವರು. ಅದರ ರುಚಿ ಹತ್ತಿದ ಪೈಲಟ್‌ಗಳಿಗೇ ನೇಮಕಾತಿ ಬೇಡವಾಗುತ್ತದೆ ಎನ್ನುವವರು ಕೆಲವರು. ಎರಡರಲ್ಲೂ ಸತ್ಯವಿದೆ. ನನಗೆ ಮೊದಲಿನದೇ ಹೆಚ್ಚು ಸರಿ ಎನಿಸುತ್ತದೆ, ಯಾಕೆಂದರೆ ಓವರ್‌ಟೈಮ್ ಅಗ್ಗವಾಗಿರುವ ಕಡೆ ಖಾಲಿ ಹುದ್ದೆಗಳು ವರ್ಷಗಟ್ಟಲೆ ಖಾಲಿಯೇ ಉಳಿಯುವುದನ್ನು ನಮ್ಮ ಬಸ್ ಡಿಪೋಗಳ ಡಬಲ್ ಡ್ಯೂಟಿಯಿಂದ ಹಿಡಿದು ಎಲ್ಲೆಡೆ ನೋಡಿದ್ದೇವೆ.

ಬೀದರ್‌ನವರು ಗಮನಿಸಬೇಕಾದ ಅಮೆರಿಕದ ಸಂಗತಿ ಬೇರೊಂದಿದೆ. ಕೋವಿಡ್ ಸಮಯದಲ್ಲಿ ದೊಡ್ಡ ಸಂಸ್ಥೆಗಳು ಹಿರಿಯ ಪೈಲಟ್‌ಗಳಿಗೆ ಸ್ವಯಂ ನಿವೃತ್ತಿ ಕೊಟ್ಟು ಕಳಿಸಿದವು. ಪ್ರಯಾಣಿಕರು ಮರಳಿದಾಗ ಆ ಜಾಗಗಳನ್ನು ತುಂಬಿಕೊಂಡದ್ದು ಚಿಕ್ಕ ಪ್ರಾದೇಶಿಕ ಸಂಸ್ಥೆಗಳ ಪೈಲಟ್‌ಗಳಿಂದ. ಕೊನೆಗೆ ಹಾರಾಟ ಕಳೆದುಕೊಂಡದ್ದು ಚಿಕ್ಕ ಊರುಗಳು: ಪ್ರಾದೇಶಿಕ ಪೈಲಟ್‌ಗಳ ಕೊರತೆಯ ಕಾರಣ ಹೇಳಿ ಅಮೆರಿಕನ್ ಏರ್‌ಲೈನ್ಸ್ 2022ರಲ್ಲಿ ಟೊಲಿಡೊ, ಇಥಾಕಾ, ಐಸ್ಲಿಪ್ ಊರುಗಳಿಗೆ ಸೇವೆ ನಿಲ್ಲಿಸಿತು. ಕೊರತೆ ಎಲ್ಲೇ ಹುಟ್ಟಲಿ, ತುಟ್ಟತುದಿಯ ಊರಿನ ಹಾರಾಟ ಮೊದಲು ಹೋಗುತ್ತದೆ. ಇಬ್ಬರು ಪೈಲಟ್‌ಗಳು ಉಳಿದರೆ ಅವರನ್ನು ತುಂಬಿದ ಮಾರ್ಗಕ್ಕೆ ಕಳಿಸುತ್ತಾರೆಯೇ ಹೊರತು ಬೀದರ್‌ಗಲ್ಲ.

ಚಿಕ್ಕ ಸಂಸ್ಥೆಗಳಿಗೆ ಭಾರತದಲ್ಲಿರುವ ರಕ್ಷಣೆ ನೋಟಿಸ್ ಅವಧಿ. 2017ರ ನಿಯಮದಂತೆ ಕ್ಯಾಪ್ಟನ್ ಒಂದು ವರ್ಷ, ಕೋ-ಪೈಲಟ್ ಆರು ತಿಂಗಳು ಮೊದಲೇ ರಾಜೀನಾಮೆ ತಿಳಿಸಬೇಕು. ಪೈಲಟ್ ಸಂಘಗಳು ಇದನ್ನು ಜೀತವೆಂದು ಕರೆದು ನ್ಯಾಯಾಲಯಕ್ಕೆ ಹೋಗಿವೆ. ಇನ್ನೊಂದು ಕಡೆ, 2023ರಲ್ಲಿ 43 ಪೈಲಟ್‌ಗಳು ನೋಟಿಸ್ ಅವಧಿ ಪೂರೈಸದೆ ಹೊರಟುಹೋದಾಗ ಹೊಸದಾಗಿದ್ದ ಆಕಾಸ ಏರ್ ಹಾರಾಟಗಳನ್ನು ರದ್ದುಮಾಡಬೇಕಾಗಿ ಬಂದು ಅದೂ ನ್ಯಾಯಾಲಯದ ಮೆಟ್ಟಿಲೇರಿತು. ಚಿಕ್ಕ ಊರಿನ ಪ್ರಯಾಣಿಕನಾಗಿ ನನಗೆ ಈ ನಿಯಮದಿಂದ ಲಾಭವಿದೆ ಎಂಬುದನ್ನು ಮುಚ್ಚಿಡುವುದಿಲ್ಲ. ಆದರೂ ಒಂದು ವರ್ಷ ಹೆಚ್ಚಾಯಿತು. ಅಷ್ಟು ದಿನ ಮನಸ್ಸಿಲ್ಲದೆ ಹಾರುವವರನ್ನು ಹಿಡಿದಿಡುವುದಕ್ಕಿಂತ, ಉಳಿಯುವವರಿಗೆ ವಿಶ್ರಾಂತಿಯ ದಿನವನ್ನು ಖಚಿತವಾಗಿ ಕೊಟ್ಟರೆ ಬಿಟ್ಟುಹೋಗುವವರ ಸಂಖ್ಯೆಯೇ ಇಳಿದೀತು.

ಇಷ್ಟನ್ನೂ ಲೆಕ್ಕಕ್ಕೆ ಹಿಡಿದು ಬೀದರ್ ಸೇವೆಗೆ ನಾನು ಕೊಡುವುದು ಐದರಲ್ಲಿ ಮೂರೂವರೆ. ಕಳೆದ ಒಂದು ಅಂಕ ಈ ಮಾರ್ಗಕ್ಕೆ ಬದಲಿ ವಿಮಾನವೂ ಬದಲಿ ಪೈಲಟ್ಟೂ ಇಲ್ಲದಿರುವುದಕ್ಕೆ, ಸಿಬ್ಬಂದಿಯ ದೋಷಕ್ಕಲ್ಲ. ವಿಮಾನ ರದ್ದಾದರೆ ಡಿಜಿಸಿಎ ನಿಯಮದಂತೆ ಬದಲಿ ವಿಮಾನ ಅಥವಾ ಹಣ ವಾಪಸ್, ಮೊದಲೇ ತಿಳಿಸದಿದ್ದರೆ ಒಂದರಿಂದ ಎರಡು ಗಂಟೆಯ ಹಾರಾಟಕ್ಕೆ 7,500 ರೂಪಾಯಿ ಅಥವಾ ಮೂಲ ದರ ಮತ್ತು ಇಂಧನ ಶುಲ್ಕ, ಇವೆರಡರಲ್ಲಿ ಕಡಿಮೆಯಾದದ್ದು ಪರಿಹಾರವಾಗಿ ಸಿಗಬೇಕು. ಬೆಂಗಳೂರು, ಹೈದರಾಬಾದ್‌ನವರಿಗೆ ಬದಲಿ ವಿಮಾನವೆಂದರೆ ಎರಡು ಗಂಟೆ ಕಾಯುವುದು. ನಮಗೆ ಸುಮಾರು 150 ಕಿ.ಮೀ. ದೂರದ ಶಂಷಾಬಾದ್‌ಗೆ, ಅಂದರೆ ಹೈದರಾಬಾದ್‌ನ ವಿಮಾನ ನಿಲ್ದಾಣಕ್ಕೆ, ಕಾರು ಮಾಡಿಕೊಂಡು ಓಡುವುದು, ಆ ಕಾರಿನ ಬಾಡಿಗೆ ಯಾವ ನಿಯಮದಲ್ಲೂ ಇಲ್ಲ. ರದ್ದಾದ ಸಂದೇಶದಲ್ಲಿ ‘ಕಾರ್ಯಾಚರಣೆಯ ಕಾರಣಗಳಿಂದ’ ಎಂದು ಬರೆಯುವುದು ಎಲ್ಲ ವಿಮಾನ ಸಂಸ್ಥೆಗಳ ರೂಢಿ. ಹವಾಮಾನವೋ, ಯಂತ್ರವೋ, ಪೈಲಟ್ ಇಲ್ಲವೋ ಎಂಬುದನ್ನು ಒಂದು ಸಾಲಿನಲ್ಲಿ ತಿಳಿಸಿದರೆ ಪ್ರಯಾಣಿಕ ಮುಂದಿನ ಸಲ ಏನು ಮಾಡಬೇಕೆಂದು ತೀರ್ಮಾನಿಸಿಕೊಳ್ಳುತ್ತಾನೆ.

ನಮ್ಮ ಜನಪ್ರತಿನಿಧಿಗಳಿಗೂ ಒಂದು ಕೆಲಸವಿದೆ. ಸರ್ಕಾರದ ನೆರವಿನ ಒಪ್ಪಂದಗಳಲ್ಲಿ ಖಾಲಿ ಸೀಟಿನ ನಷ್ಟವನ್ನು ತುಂಬಿಕೊಡುವ ಮಾತಿರುತ್ತದೆ. ತೆರಿಗೆಯ ಹಣ ಪಡೆಯುವ ಯಾವುದೇ ಸಂಸ್ಥೆಗೆ, ಈ ಮಾರ್ಗದ ವಿಮಾನಕ್ಕೆ ಇಂತಿಷ್ಟು ಸ್ಟ್ಯಾಂಡ್‌ಬೈ ಕ್ಯಾಪ್ಟನ್‌ಗಳನ್ನು ಇಡಬೇಕು, ಪೈಲಟ್ ಕೊರತೆಯಿಂದ ರದ್ದಾದ ಹಾರಾಟದ ನೆರವನ್ನು ಕಡಿತ ಮಾಡಲಾಗುವುದು ಎಂಬ ಷರತ್ತು ಹಾಕುವುದು ಕಷ್ಟವೇನಲ್ಲ. ಸೀಟಿಗೆ ಕೊಡುವ ಹಣದ ಒಂದು ಪಾಲು ಮೂರನೆಯ ಪೈಲಟ್‌ನ ಸಂಬಳಕ್ಕೆ ಹೋದರೆ ನನ್ನ ಆಕ್ಷೇಪವಿಲ್ಲ.

ಅಲ್ಲಿಯವರೆಗೆ ನನ್ನ ಬಳಕೆಯ ಕ್ರಮ ಹೀಗಿದೆ. ನೆಂಟರ ಮನೆಗೆ, ಮಕ್ಕಳನ್ನು ನೋಡಲು, ಒಂದು ದಿನ ಆಚೀಚೆಯಾದರೂ ನಡೆಯುವ ಕೆಲಸಕ್ಕೆ ಈ ವಿಮಾನವೇ ಸರಿ. ಹಿರಿಯರನ್ನು ಕರೆದೊಯ್ಯುವವರಿಗಂತೂ ರಾತ್ರಿಯಿಡೀ ಬಸ್ಸಿನಲ್ಲಿ ಕೂರಿಸುವುದಕ್ಕಿಂತ ಇದು ಎಷ್ಟೋ ಮೇಲು. ಕಿದ್ವಾಯಿಯಲ್ಲೋ ಜಯದೇವದಲ್ಲೋ ದಿನಾಂಕ ಗೊತ್ತಾಗಿದ್ದರೆ, ಸಂದರ್ಶನವೋ ಪರೀಕ್ಷೆಯೋ ಇದ್ದರೆ, ಹೋಗುವಾಗ ಹಿಂದಿನ ರಾತ್ರಿಯ ಯಶವಂತಪುರ ರೈಲು, ಬರುವಾಗ ವಿಮಾನ.